ಹೆಸರು ಬರೆಯಬೇಡಿ

ಪ್ರಶ್ನೆಪುಸ್ತಿಕೆ ಕೈಗೆ ಬಂದ ಕೂಡಲೇ ಕಾಣುವ ಸೂಚನೆ: ಹೆಸರು ಬರೆಯಬೇಡಿ. ಒಳಗಿರುವುದನ್ನು ಮನೆಯಲ್ಲಿ ಅಪ್ಪನೋ ಶಾಲೆಯಲ್ಲಿ ಮೇಷ್ಟ್ರೋ ಕೇಳಿದ್ದರೆ ಮಕ್ಕಳು ತಲೆ ತಗ್ಗಿಸಿ ನಿಲ್ಲುತ್ತಿದ್ದರು. ಕಳೆದ ಮೂವತ್ತು ದಿನಗಳಲ್ಲಿ ಎಷ್ಟು ದಿನ ಸಿಗರೇಟು ಸೇದಿದ್ದೀರಿ? ಕುಡಿದವರು ಓಡಿಸುತ್ತಿದ್ದ ಕಾರಿನಲ್ಲಿ ಕೂತಿದ್ದಿರಾ? ಸಾಯಬೇಕು ಅನ್ನಿಸಿತ್ತೇ?

1980ರ ದಶಕದ ಅಮೆರಿಕದಲ್ಲಿ ಹದಿಹರೆಯದವರನ್ನು ಹೆಚ್ಚಾಗಿ ಬಲಿ ತೆಗೆದುಕೊಳ್ಳುತ್ತಿದ್ದದ್ದು ರೋಗಗಳಲ್ಲ. ವಾಹನ ಅಪಘಾತ, ಕೊಲೆ, ಆತ್ಮಹತ್ಯೆ. ಜೊತೆಗೆ ಏಡ್ಸ್ ಭೀತಿ. ಮರಣದ ದಾಖಲೆ ಮಾತಾಡುವುದು ಎಲ್ಲ ಮುಗಿದ ಮೇಲೆ. ಅದಕ್ಕೆ ಮುಂಚಿನ ದಿನಗಳನ್ನು ತಿಳಿಯಲು ಅಟ್ಲಾಂಟಾದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 1990ರಲ್ಲಿ ಒಂದು ಸಮೀಕ್ಷಾ ವ್ಯವಸ್ಥೆ ರೂಪಿಸಿತು. 1991ರಲ್ಲಿ 9ರಿಂದ 12ನೇ ತರಗತಿಯವರ ರಾಷ್ಟ್ರೀಯ ಸಮೀಕ್ಷೆ ನಡೆಯಿತು. ಅಲ್ಲಿಂದೀಚೆಗೆ ಎರಡು ವರ್ಷಕ್ಕೊಮ್ಮೆ, ಒಂದು ಪೀರಿಯಡ್ಡಿನೊಳಗೆ ಮುಗಿಯುವಂತೆ, ನಡೆದುಬಂದಿದೆ.

ಹೆಸರು ಬೇಡವೆನ್ನುವ ಪುಸ್ತಿಕೆ ಆ ಸಮೀಕ್ಷೆಯದ್ದೇ. ಅದರಲ್ಲಿ ನನ್ನ ಮನಸ್ಸಿಗೆ ನಾಟಿದ್ದು ಒಂದು ಸಣ್ಣ ಜಾಣ್ಮೆ. ‘ಇಲ್ಲ ಎಂದಾದರೆ ಮುಂದಿನ ಐದು ಪ್ರಶ್ನೆ ಬಿಡಿ’ ಎನ್ನುವ ಮಾತು ಇದರಲ್ಲಿಲ್ಲ. ಹಾಗೆ ಬಿಡಿಸಿದ್ದರೆ ಸಿಗರೇಟು ಮುಟ್ಟದ ಹುಡುಗಿ ಬೇಗ ಪೆನ್ಸಿಲ್ ಕೆಳಗಿಡುತ್ತಾಳೆ. ಇನ್ನೂ ಗುರುತು ಹಾಕುತ್ತಾ ಕೂತ ಹುಡುಗನ ಕಡೆ ಎಲ್ಲರ ಕಣ್ಣು ತಿರುಗುತ್ತದೆ. ಅದಕ್ಕೇ ಎಲ್ಲರಿಗೂ ಎಲ್ಲ ಪ್ರಶ್ನೆ, ಎಲ್ಲರಿಗೂ ಹೆಚ್ಚುಕಡಿಮೆ ಒಂದೇ ಹೊತ್ತು. ಮಗುವಿನ ಮಾನ ಕಾಯುವ ಕೆಲಸ ಇಷ್ಟು ಸೂಕ್ಷ್ಮವಾಗಿ ನಡೆಯಬೇಕು.

ಮಕ್ಕಳು ಹೇಳಿದ್ದೆಲ್ಲ ಕರಾರುವಾಕ್ಕಲ್ಲ. ಅಳೆದು ನೋಡಿದಾಗ, ಅವರು ಎತ್ತರವನ್ನು ಸರಾಸರಿ 2.7 ಅಂಗುಲ ಹೆಚ್ಚಿಗೆ ಹೇಳಿದ್ದು ಗೊತ್ತಾಯಿತು. ಆದರೂ ವರ್ಷಗಳ ಸಾಲು ಹಿಡಿದು ನೋಡಿದರೆ ದಿಕ್ಕು ಕಾಣುತ್ತದೆ. ಸಿಗರೇಟು ಸೇದುವವರು 1991ರಲ್ಲಿ ಶೇ 27.5, 1997ರಲ್ಲಿ ಶೇ 36.4, 2019ರಲ್ಲಿ ಶೇ 6. ಹಾಗೆಂದು ನೆಮ್ಮದಿಯ ನಿಟ್ಟುಸಿರು ಬಿಡುವ ಹಾಗಿರಲಿಲ್ಲ. ಇ-ಸಿಗರೇಟಿನ ಪ್ರಶ್ನೆ 2015ರಲ್ಲಷ್ಟೇ ಸೇರಿತ್ತು. 2019ರ ಹೊತ್ತಿಗೆ ಅದನ್ನು ಸೇದುವವರು ಶೇ 32.7. ಕೇಳದ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಕೇಳಿದ್ದಕ್ಕೆ ಸಿಕ್ಕ ಉತ್ತರವೂ ಹಗುರದ್ದಲ್ಲ: ಎರಡು ವಾರ ಅಥವಾ ಅದಕ್ಕೂ ಹೆಚ್ಚು ಕಾಲ ದುಃಖ, ಹತಾಶೆ ಕಾಡಿತೆಂದು 2021ರಲ್ಲಿ ಗುರುತು ಹಾಕಿದ ಹುಡುಗಿಯರು ಶೇ 57.

ಸಾವಿನ ವಿಚಾರ ಕೇಳಿದರೆ ಮಕ್ಕಳ ತಲೆಗೆ ನಾವೇ ಅದನ್ನು ತುಂಬಿದಂತಾಗದೇ? ತಾಯಿತಂದೆಯರ ಈ ಅಂಜಿಕೆ ಸಹಜವಾದದ್ದೇ. ನ್ಯೂಯಾರ್ಕ್ ರಾಜ್ಯದ ಎರಡು ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳ ನಡುವೆ ಇದನ್ನೇ ಪರೀಕ್ಷಿಸಿದ ಅಧ್ಯಯನವೊಂದು 2005ರಲ್ಲಿ ಪ್ರಕಟವಾಯಿತು. ಕೇಳಿದ್ದರಿಂದ ಮಕ್ಕಳ ಸಂಕಟವೂ ಹೆಚ್ಚಲಿಲ್ಲ, ಸಾಯುವ ಯೋಚನೆಯೂ ಹೆಚ್ಚಲಿಲ್ಲ.

ಇದೇ ಜಾಡಿನಲ್ಲಿ ಸಿಡಿಸಿ ಮತ್ತು ವಿಶ್ವ ಆರೋಗ್ಯ ಸಂಸ್ಥೆ ಜೊತೆಗೂಡಿ 1999ರಲ್ಲಿ ಆರಂಭಿಸಿದ ಜಾಗತಿಕ ಯುವ ತಂಬಾಕು ಸಮೀಕ್ಷೆ ನಮ್ಮ ಶಾಲೆಗಳಿಗೂ ಬಂತು. 2019ರ ಸುತ್ತಿನಲ್ಲಿ ದೇಶದ 13ರಿಂದ 15 ವಯಸ್ಸಿನ ವಿದ್ಯಾರ್ಥಿಗಳಲ್ಲಿ ತಂಬಾಕು ಬಳಸುವವರು ಶೇ 8.5; ಕರ್ನಾಟಕದಲ್ಲಿ ಶೇ 1.2. ನಮ್ಮ ರಾಜ್ಯದ ಅಂಕಿ ನೋಡಿ ಸಮಾಧಾನಪಟ್ಟೆ. ಅದೇ ವರದಿಯ ಇನ್ನೊಂದು ಸಾಲು ಮಾತ್ರ ಮನಸ್ಸಿನಿಂದ ಹೋಗುತ್ತಿಲ್ಲ: ದೇಶದಲ್ಲಿ ಬೀಡಿ ಸೇದಿದ ಮಕ್ಕಳ ಪೈಕಿ ಶೇ 47 ಮಂದಿ ಅದನ್ನು ಮೊದಲು ಸೇದಿದ್ದು ಹತ್ತು ತುಂಬುವ ಮೊದಲೇ. ಹದಿಮೂರಕ್ಕೆ ಪ್ರಶ್ನೆಪುಸ್ತಿಕೆ ಕೈಗೆ ಬರುವಾಗ ಆ ಬೀಡಿಗೆ ಮೂರು ವರ್ಷ ದಾಟಿರುತ್ತದೆ.