ನಲವತ್ತು ಸಾವಿರದಲ್ಲಿ ಒಂದು ಮಗು: ಈ ಲೆಕ್ಕ ಹಾಕುವುದು ಹೇಗೆ?



ನಿಮ್ಮ ಶಾಲೆಯಲ್ಲಿ 400 ಮಕ್ಕಳಿದ್ದಾರೆ ಎಂದಿಟ್ಟುಕೊಳ್ಳಿ. ಅಂಥ 100 ಶಾಲೆಗಳ ಮಕ್ಕಳನ್ನೆಲ್ಲ ಒಂದೇ ಮೈದಾನದಲ್ಲಿ ನಿಲ್ಲಿಸಿದರೆ 40,000 ಆಯಿತು. ಇಷ್ಟು ದೊಡ್ಡ ಗುಂಪಿನಲ್ಲಿ ಒಬ್ಬರಿಗೆ ಮಾತ್ರ ಹುಟ್ಟುವಾಗಲೇ ಒಂದು ಗಡ್ಡೆ ಇತ್ತು ಅಂದರೆ ಅದು ಬಲು ಅಪರೂಪ ಅಲ್ವಾ? ವೈದ್ಯಕೀಯ ಪುಸ್ತಕಗಳಲ್ಲಿ ಒಂದು ಗಡ್ಡೆಯ ಬಗ್ಗೆ ಹೀಗೇ ಬರೆದಿರುತ್ತದೆ: "35,000ದಿಂದ 40,000 ಜನನಗಳಿಗೆ ಒಂದು". ಇದನ್ನು ಯಾರು ಎಣಿಸಿದರು? ಎಲ್ಲಿ ಎಣಿಸಿದರು? ಎಣಿಕೆ ತಪ್ಪಿದರೆ ಯಾರಿಗೆ ನಷ್ಟ? ಈ ಲೇಖನದಲ್ಲಿ ಅದನ್ನೇ ನೋಡೋಣ. ನಿಮಗೆ ಬೇಕಾದ ಗಣಿತ ಹೆಚ್ಚೇನಿಲ್ಲ, ಭಿನ್ನರಾಶಿಯ ಅಂಶ ಮತ್ತು ಛೇದ ಗೊತ್ತಿದ್ದರೆ ಸಾಕು.

ಏನಿದು ಗಡ್ಡೆ?

ನಿಮ್ಮ ಬೆನ್ನುಮೂಳೆಯ ತೀರಾ ಕೆಳಗಿನ ತುದಿಯನ್ನು ಮುಟ್ಟಿ ನೋಡಿ. ಕುಳಿತುಕೊಳ್ಳುವಾಗ ಗಟ್ಟಿ ನೆಲಕ್ಕೆ ತಾಗುವ ಆ ಚಿಕ್ಕ ಮೂಳೆಯೇ ಬಾಲದ ಮೂಳೆ. ಕೆಲವು ಶಿಶುಗಳಿಗೆ ಹುಟ್ಟುವಾಗಲೇ ಅಲ್ಲಿ ಒಂದು ಗಡ್ಡೆ ಇರುತ್ತದೆ. ಇದರ ಹೆಸರು ಸ್ಯಾಕ್ರೋಕಾಕ್ಸಿಜಿಯಲ್ ಟೆರಟೋಮಾ. ಹೆಸರು ಉದ್ದವಾಯಿತು, ನಾವು 'ಬಾಲಮೂಳೆಯ ಗಡ್ಡೆ' ಎನ್ನೋಣ.

ಇದರ ವಿಶೇಷ ಏನೆಂದರೆ, ಒಳಗೆ ಚರ್ಮ, ಕೂದಲು, ಕೊಬ್ಬು, ಮೃದ್ವಸ್ಥಿ, ಕೆಲವೊಮ್ಮೆ ಹಲ್ಲು ಕೂಡ ಇರಬಹುದು! ಕಾರಣ ಹೀಗಿದೆ. ಭ್ರೂಣಕ್ಕೆ ಸುಮಾರು ಮೂರು ವಾರ ಆಗುವಾಗ ಅದರ ಮೇಲೆ ಗೆರೆಯಂಥ ಒಂದು ಕೋಶಗಳ ಸಾಲು ಮೂಡುತ್ತದೆ. ಅಲ್ಲಿನ ಕೋಶಗಳಿಗೆ ಬೇರೆ ಬೇರೆ ಬಗೆಯ ಅಂಗಾಂಶವಾಗಿ ಬೆಳೆಯುವ ಶಕ್ತಿ ಇರುತ್ತದೆ. ಭ್ರೂಣ ಬೆಳೆದಂತೆ ಈ ಗೆರೆ ಬಾಲದ ಕಡೆಗೆ ಹಿಂದೆ ಸರಿಯುತ್ತಾ ನಾಲ್ಕನೇ ವಾರದ ಹೊತ್ತಿಗೆ ಮಾಯವಾಗುತ್ತದೆ. ಅಪರೂಪಕ್ಕೆ ಕೆಲವು ಕೋಶಗಳು ಬಾಲಮೂಳೆಯ ಹತ್ತಿರ ಉಳಿದುಬಿಡುತ್ತವೆ. ಅವು ಅಲ್ಲೇ ಬೆಳೆದು ಗಡ್ಡೆಯಾಗುತ್ತವೆ ಎಂಬುದು ವಿಜ್ಞಾನಿಗಳು ಹೆಚ್ಚಾಗಿ ಒಪ್ಪುವ ವಿವರಣೆ.

ನವಜಾತ ಶಿಶುಗಳ ಗಡ್ಡೆಗಳಲ್ಲಿ ಹೆಚ್ಚಾಗಿ ಕಾಣುವವುಗಳಲ್ಲಿ ಇದೂ ಒಂದು. ಹುಡುಗರಿಗಿಂತ ಹುಡುಗಿಯರಲ್ಲಿ ಮೂರು–ನಾಲ್ಕು ಪಟ್ಟು ಜಾಸ್ತಿ.

ಇಲ್ಲೊಂದು ಮಾತು ಹೇಳಲೇಬೇಕು. ಇಂಥ ಮಗು ಹುಟ್ಟಿದರೆ "ಗ್ರಹಣದ ಹೊತ್ತಿಗೆ ಹೊರಗೆ ಬಂದಿದ್ದಳು", "ತಿನ್ನಬಾರದ್ದು ತಿಂದಳು" ಎಂದು ಬಸುರಿಯ ಮೇಲೆ ತಪ್ಪು ಹೊರಿಸುವವರಿದ್ದಾರೆ. ಬಸುರಿ ಎಂದು ತಾಯಿಗೆ ಸರಿಯಾಗಿ ಗೊತ್ತಾಗುವ ಹೊತ್ತಿಗೇ ಆ ಗೆರೆಯ ಕೆಲಸ ಮುಗಿದಿರುತ್ತದೆ. ಬಹುಪಾಲು ಪ್ರಕರಣಗಳಲ್ಲಿ ಇದು ವಂಶದಲ್ಲಿ ಹರಿದು ಬಂದದ್ದೂ ಅಲ್ಲ. ಗ್ರಹಣಕ್ಕೂ ಇದಕ್ಕೂ ಸಂಬಂಧವಿಲ್ಲ. ತಾಯಿಯ ತಪ್ಪು ಏನೂ ಇಲ್ಲ.

ಅಂಶ ಯಾವುದು, ಛೇದ ಯಾವುದು?

ಯಾವ ಕಾಯಿಲೆ ಯಾರಿಗೆ, ಎಲ್ಲಿ, ಎಷ್ಟು ಮಂದಿಗೆ ಬರುತ್ತದೆ ಎಂದು ಎಣಿಸಿ ಕಾರಣ ಹುಡುಕುವ ವಿಜ್ಞಾನಕ್ಕೆ ಎಪಿಡೆಮಿಯಾಲಜಿ ಎನ್ನುತ್ತಾರೆ. ಇದರ ಹೃದಯವೇ ಒಂದು ಭಿನ್ನರಾಶಿ. ಗಡ್ಡೆ ಇದ್ದ ಮಕ್ಕಳ ಸಂಖ್ಯೆ ಅಂಶ, ಹುಟ್ಟಿದ ಒಟ್ಟು ಮಕ್ಕಳ ಸಂಖ್ಯೆ ಛೇದ. ಸುಲಭ ಅನ್ನಿಸುತ್ತದೆ. ಆದರೆ ಎರಡನ್ನೂ ಸರಿಯಾಗಿ ಎಣಿಸುವುದೇ ಕಷ್ಟ.

ಫಿನ್ಲೆಂಡ್ ದೇಶದ ಉದಾಹರಣೆ ನೋಡಿ. ಅಲ್ಲಿ ಹುಟ್ಟಿನಿಂದ ಬಂದ ತೊಂದರೆಗಳನ್ನು ದಾಖಲಿಸಲು ಇಡೀ ದೇಶಕ್ಕೆ ಒಂದೇ ರಿಜಿಸ್ಟರ್ ಇದೆ, 1963ರಿಂದ ನಡೆಯುತ್ತಿದೆ. 1987ರಿಂದ 2008ರವರೆಗಿನ ದಾಖಲೆಗಳನ್ನು ತೆಗೆದು ಬಾಲಮೂಳೆಯ ಗಡ್ಡೆಯನ್ನು ಎಣಿಸಿದರು. ಬದುಕಿ ಹುಟ್ಟಿದ ಮಕ್ಕಳಲ್ಲಿ ಸುಮಾರು 14,900ಕ್ಕೆ ಒಂದು ಸಿಕ್ಕಿತು. ಹೊಟ್ಟೆಯಲ್ಲೇ ತೀರಿಕೊಂಡ ಶಿಶುಗಳನ್ನೂ ಗಡ್ಡೆ ಗೊತ್ತಾಗಿ ನಿಲ್ಲಿಸಿದ ಗರ್ಭಗಳನ್ನೂ ಸೇರಿಸಿದಾಗ ಅದು ಸುಮಾರು 10,700ಕ್ಕೆ ಒಂದು ಆಯಿತು.

ಈಗ ಮೂರು ಲಕ್ಷ ಹೆರಿಗೆಗಳಿಗೆ ಲೆಕ್ಕ ಹಾಕೋಣ:

- 40,000ಕ್ಕೆ ಒಂದು ಆದರೆ 7 ಅಥವಾ 8
- 14,900ಕ್ಕೆ ಒಂದು ಆದರೆ ಸುಮಾರು 20
- 10,700ಕ್ಕೆ ಒಂದು ಆದರೆ ಸುಮಾರು 28

ಗಡ್ಡೆ ಒಂದೇ, ಉತ್ತರ ಮೂರು! ಹಾಗಾದರೆ ಫಿನ್ಲೆಂಡಿನಲ್ಲಿ ಈ ಗಡ್ಡೆ ಹೆಚ್ಚು ಅಂತ ಅರ್ಥವಾ? ಅವಸರ ಬೇಡ. 28ಕ್ಕೂ 20ಕ್ಕೂ ಇರುವ ಅಂತರವನ್ನು ಮೊದಲು ನೋಡಿ. ಇವು ಬದುಕಿ ಹುಟ್ಟದೆ ಹೋದವು. ಗಡ್ಡೆ ತುಂಬಾ ದೊಡ್ಡದಾದರೆ ಅದೇ ಬಹಳಷ್ಟು ರಕ್ತವನ್ನು ಎಳೆದುಕೊಳ್ಳುತ್ತದೆ. ಶಿಶುವಿನ ಪುಟ್ಟ ಹೃದಯ ಇಬ್ಬರಿಗೆ ಸಾಕಾಗುವಷ್ಟು ರಕ್ತ ಪಂಪ್ ಮಾಡಿ ಸೋಲುತ್ತದೆ. ಹುಟ್ಟಿದ ಮಕ್ಕಳನ್ನಷ್ಟೇ ಎಣಿಸುವ ದೇಶದಲ್ಲಿ ಈ ಶಿಶುಗಳು ಲೆಕ್ಕಕ್ಕೇ ಬರುವುದಿಲ್ಲ.

ಇನ್ನು 20ಕ್ಕೂ 7ಕ್ಕೂ ಇರುವ ಅಂತರ. ರಿಜಿಸ್ಟರ್ ಇಲ್ಲದ ಕಡೆ ದೊಡ್ಡಾಸ್ಪತ್ರೆಗೆ ಬಂದವರಷ್ಟೇ ಲೆಕ್ಕಕ್ಕೆ ಸಿಗುತ್ತಾರೆ. ಮನೆಯಲ್ಲೇ ತೀರಿಕೊಂಡ ಮಗು, ಗಡ್ಡೆ ಇದೆ ಎಂದೇ ಗೊತ್ತಾಗದ ಮಗು, ದಾಖಲೆಗೆ ಸೇರದ ಮಗು, ಯಾರೂ ಅಂಶದಲ್ಲಿ ಇರುವುದಿಲ್ಲ. ಅಂಶ ಕುಗ್ಗಿದರೆ ಕಾಯಿಲೆ ನಿಜಕ್ಕಿಂತ ಅಪರೂಪವಾಗಿ ಕಾಣುತ್ತದೆ.

ಗಡಿಯಲ್ಲಿ ಎಣಿಕೆ

ಗಡಿ ಪ್ರದೇಶದ ನಮಗೆ ಈ ಪಾಠ ಬೇಗ ಅರ್ಥವಾಗಬೇಕು. ಮಂಜೇಶ್ವರ, ಕಾಸರಗೋಡಿನವರು ದೊಡ್ಡ ಕಾಯಿಲೆ ಬಂದರೆ ಮಂಗಳೂರಿಗೆ ಓಡುತ್ತಾರೆ. ಹೊಸೂರಿನವರು ಬೆಂಗಳೂರಿಗೆ. ಒಂದು ಮಗು ಗಡಿಯ ಈಚೆ ಹುಟ್ಟಿತು, ಗಡ್ಡೆಯ ಆಪರೇಷನ್ ಗಡಿಯ ಆಚೆ ಆಯಿತು ಅನ್ನಿ. ನಮ್ಮ ದೇಶದಲ್ಲಿ ಜನನ ಎಲ್ಲಿ ಆಯಿತೋ ಅಲ್ಲೇ ನೋಂದಣಿ ಆಗಬೇಕು. 1969ರ ಜನನ ಮರಣ ನೋಂದಣಿ ಕಾಯ್ದೆಯ ನಿಯಮ ಅದು. ಆದ್ದರಿಂದ ಆ ಮಗು ಈಚೆಯ ಜಿಲ್ಲೆಯ ಛೇದದಲ್ಲಿದೆ. ಆದರೆ ಆಸ್ಪತ್ರೆಯವರು ತಮ್ಮ ಪುಸ್ತಕ ನೋಡಿ ಎಣಿಸಿದರೆ ಅದೇ ಮಗು ಆಚೆಯ ಜಿಲ್ಲೆಯ ಅಂಶಕ್ಕೆ ಸೇರುತ್ತದೆ!

ಪರಿಣಾಮ ಏನು? ಎರಡು ಜಿಲ್ಲೆಗಳಲ್ಲೂ ನಿಜವಾಗಿ ಎರಡೆರಡು ಮಕ್ಕಳಿಗೆ ಗಡ್ಡೆ ಇತ್ತು, ಎಲ್ಲರಿಗೂ ಆಚೆ ಆಪರೇಷನ್ ಆಯಿತು ಎನ್ನೋಣ. ಕಾಗದದಲ್ಲಿ ಆಚೆ ನಾಲ್ಕು, ಈಚೆ ಸೊನ್ನೆ. "ಈ ಜಿಲ್ಲೆಯಲ್ಲಿ ಇಂಥ ಮಕ್ಕಳೇ ಇಲ್ಲ, ಮಕ್ಕಳ ಸರ್ಜನ್ ಯಾಕೆ?" ಎಂದು ಯಾರಾದರೂ ಕೇಳಿದರೆ ಉತ್ತರ ಕೊಡುವುದು ಕಷ್ಟ. ಅದಕ್ಕೇ ಒಳ್ಳೆಯ ರಿಜಿಸ್ಟರಿನಲ್ಲಿ ರೋಗಿ ಎಲ್ಲಿಯ ವಾಸಿ ಎಂದು ಕೇಳಿ ಬರೆದುಕೊಳ್ಳುತ್ತಾರೆ.

ನಮ್ಮ ದೇಶದಲ್ಲಿ ಕ್ಯಾನ್ಸರ್ ಎಣಿಸುವ ರಾಷ್ಟ್ರೀಯ ಕಾರ್ಯಕ್ರಮ 1981ರ ಕೊನೆಯಲ್ಲಿ ಶುರುವಾಯಿತು. ಬೆಂಗಳೂರು, ಮುಂಬಯಿ, ಚೆನ್ನೈ ನಗರಗಳ ರಿಜಿಸ್ಟರುಗಳು ಮೊದಲಿನವು. ಆದರೆ ಅವು ಎಣಿಸುವುದು ಕ್ಯಾನ್ಸರನ್ನು. ನವಜಾತ ಶಿಶುಗಳ ಬಾಲಮೂಳೆಯ ಗಡ್ಡೆ ಹೆಚ್ಚಾಗಿ ಕ್ಯಾನ್ಸರ್ ಅಲ್ಲ, ಹಾಗಾಗಿ ಅಲ್ಲೂ ಬಹುಪಾಲು ಮಕ್ಕಳು ಲೆಕ್ಕಕ್ಕೆ ಬರುವುದಿಲ್ಲ.

ಹೆಚ್ಚಾಗಿ ಕ್ಯಾನ್ಸರ್ ಅಲ್ಲ, ಆದರೆ...

ಈ 'ಆದರೆ' ಬಹಳ ಮುಖ್ಯ. 1974ರಲ್ಲಿ ಆಲ್ಟ್‌ಮನ್ ಎಂಬ ವೈದ್ಯರು ಮತ್ತು ಅವರ ಜೊತೆಯವರು ಅಮೆರಿಕದ ಮಕ್ಕಳ ಸರ್ಜನ್‌ಗಳಿಂದ ಮಾಹಿತಿ ಕೇಳಿ ತರಿಸಿ 398 ಮಕ್ಕಳ ವಿವರ ಪ್ರಕಟಿಸಿದರು. ಇದರಲ್ಲಿ ಛೇದ ಇಲ್ಲ, ಆದ್ದರಿಂದ 'ಎಷ್ಟು ಅಪರೂಪ' ಎಂದು ಇದರಿಂದ ತಿಳಿಯುವುದಿಲ್ಲ. ಬೇರೆ ಎರಡು ಸಂಗತಿ ತಿಳಿಯಿತು.

ಮೊದಲನೆಯದು, ಗಡ್ಡೆ ಇರುವ ಜಾಗ. ಸುಮಾರು 47% ಮಕ್ಕಳಲ್ಲಿ ಗಡ್ಡೆ ಹೆಚ್ಚುಕಡಿಮೆ ಪೂರ್ತಿ ಹೊರಗೇ ಕಾಣುತ್ತಿತ್ತು. ಸುಮಾರು 10% ಮಕ್ಕಳಲ್ಲಿ ಅದು ಪೂರ್ತಿ ಒಳಗೇ ಅಡಗಿತ್ತು. ಉಳಿದವರಲ್ಲಿ ಸ್ವಲ್ಪ ಒಳಗೆ, ಸ್ವಲ್ಪ ಹೊರಗೆ.

ಎರಡನೆಯದು, ವಯಸ್ಸು. ಎರಡು ತಿಂಗಳೊಳಗೆ ಪತ್ತೆಯಾದ ಗಡ್ಡೆಗಳಲ್ಲಿ ಕ್ಯಾನ್ಸರ್ ಸ್ವಭಾವದವು ಹುಡುಗಿಯರಲ್ಲಿ ಸುಮಾರು 7%, ಹುಡುಗರಲ್ಲಿ 10%. ಎರಡು ತಿಂಗಳ ನಂತರ ಪತ್ತೆಯಾದವುಗಳಲ್ಲಿ ಹುಡುಗಿಯರಲ್ಲಿ 48%, ಹುಡುಗರಲ್ಲಿ 67%!

ಈ ವ್ಯತ್ಯಾಸಕ್ಕೆ ಕಾರಣವೇನಿರಬಹುದು? ತೆಗೆಯದೆ ಬಿಟ್ಟ ಗಡ್ಡೆ ದಿನ ಕಳೆದಂತೆ ಕ್ಯಾನ್ಸರ್ ಆಗಿ ಬದಲಾಗಬಹುದು. ಅಥವಾ ಒಳಗೆ ಅಡಗಿದ ಗಡ್ಡೆಗಳು ತಡವಾಗಿ ಕಾಣುವುದರಿಂದ 'ತಡವಾದವರ ಗುಂಪಿನಲ್ಲಿ' ಕೆಟ್ಟ ಗಡ್ಡೆಗಳೇ ಹೆಚ್ಚು ಸೇರಿರಬಹುದು. ಎರಡೂ ಒಟ್ಟಿಗೆ ಇರಬಹುದು. ಕಾರಣ ಯಾವುದಾದರೂ ವೈದ್ಯರ ಸಲಹೆ ಒಂದೇ: ಗಡ್ಡೆ ಕಂಡ ಕೂಡಲೇ, ಮಗು ಹುಟ್ಟಿದ ಮೊದಲ ದಿನಗಳಲ್ಲೇ ತೆಗೆಸಬೇಕು. ತೆಗೆಯುವಾಗ ಬಾಲದ ಮೂಳೆಯನ್ನೂ ಸೇರಿಸಿ ತೆಗೆಯುತ್ತಾರೆ, ಇಲ್ಲದಿದ್ದರೆ ಗಡ್ಡೆ ಮತ್ತೆ ಬೆಳೆಯುವ ಸಂಭವ ಹೆಚ್ಚು. ಆಮೇಲೂ ಕೆಲವು ವರ್ಷ ರಕ್ತಪರೀಕ್ಷೆ ಮಾಡಿಸುತ್ತಾ ಇರಬೇಕು. ಹೀಗೆ ಸಮಯಕ್ಕೆ ಚಿಕಿತ್ಸೆ ಸಿಕ್ಕ ಮಕ್ಕಳಲ್ಲಿ ಬಹುಪಾಲು ಬದುಕಿ ನಿಮ್ಮ ಹಾಗೇ ಶಾಲೆಗೆ ಹೋಗುತ್ತಾರೆ.

ಒಂದೇ ವರ್ಷ ಎರಡು ಬಂದರೆ?

ನಿಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ 20,000 ಹೆರಿಗೆ ಆಗುತ್ತದೆ ಎಂದು ಊಹಿಸಿ. 40,000ಕ್ಕೆ ಒಂದು ಅಂದರೆ ಎರಡು ವರ್ಷಕ್ಕೆ ಒಂದು ಮಗು. ಆದರೆ ಒಂದು ವರ್ಷ ಬಿಟ್ಟು ಒಂದು ವರ್ಷ ಸರಿಯಾಗಿ ಒಂದೊಂದೇ ಬರುತ್ತದಾ? ಇಲ್ಲ. ಬೇಕಾದರೆ ತರಗತಿಯಲ್ಲಿ ಹೀಗೆ ಮಾಡಿ ನೋಡಿ:

1. 20 ಚೀಟಿಗಳಲ್ಲಿ 1ರಿಂದ 20ರವರೆಗೆ ಬರೆಯಿರಿ. ಇವು 20 ವರ್ಷಗಳು.
2. ಚೀಟಿಗಳನ್ನು ಡಬ್ಬಿಗೆ ಹಾಕಿ ಕಲಕಿ ಒಂದನ್ನು ಎತ್ತಿ. ಆ ವರ್ಷದ ಎದುರು ಒಂದು ಗೀಟು ಹಾಕಿ. ಚೀಟಿಯನ್ನು ಮತ್ತೆ ಡಬ್ಬಿಗೆ ಹಾಕಿ.
3. ಹೀಗೆ 10 ಸಲ ಮಾಡಿ. ಇವು 20 ವರ್ಷಗಳಲ್ಲಿ ಬಂದ 10 ಪ್ರಕರಣಗಳು.

ಹತ್ತಾರು ಸಲ ಆಡಿ ಸರಾಸರಿ ತೆಗೆದರೆ ಸುಮಾರು 12 ವರ್ಷ ಖಾಲಿ, 6 ವರ್ಷಗಳಲ್ಲಿ ಒಂದೊಂದು, ಒಂದೋ ಎರಡೋ ವರ್ಷಗಳಲ್ಲಿ ಎರಡು ಅಥವಾ ಹೆಚ್ಚು ಗೀಟು ಸಿಗುತ್ತವೆ. ಡಬ್ಬಿಯೊಳಗೆ ಯಾವ ವಿಷವೂ ಇರಲಿಲ್ಲ, ಯಾವ ಶಾಪವೂ ಇರಲಿಲ್ಲ. ಆದರೂ ಎರಡು ಒಟ್ಟಿಗೆ ಬಂದವು! ಆದ್ದರಿಂದ ಒಂದೇ ವರ್ಷ ಎರಡು ಮಕ್ಕಳಿಗೆ ಗಡ್ಡೆ ಬಂತು ಅನ್ನುವುದಷ್ಟೇ ಯಾವುದಕ್ಕೂ ಸಾಕ್ಷಿಯಲ್ಲ. ಹಾಗಂತ ಕಣ್ಣು ಮುಚ್ಚಿ ಕೂರಬಾರದು. ವರ್ಷ ವರ್ಷವೂ ಹೀಗೇ ಹೆಚ್ಚು ಬರುತ್ತಿದ್ದರೆ ಕಾರಣ ಹುಡುಕಲೇಬೇಕು. ಕಾಕತಾಳೀಯ ಯಾವುದು, ನಿಜವಾದ ಏರಿಕೆ ಯಾವುದು ಎಂದು ತಿಳಿಯಲು ಬಹಳ ವರ್ಷಗಳ ಸರಿಯಾದ ಎಣಿಕೆ ಬೇಕು.

ನೀವು ಏನು ಮಾಡಬಹುದು?

ಹೆರಿಗೆಯಾದ ಮೇಲೆ ಆಶಾ ಕಾರ್ಯಕರ್ತೆಯರು ಮಗುವನ್ನು ನೋಡಲು ಮನೆಗೆ ಬರುತ್ತಾರೆ. ನಿಮ್ಮ ಮನೆಯಲ್ಲೋ ನೆರೆಯಲ್ಲೋ ಹಸುಗೂಸು ಇದ್ದರೆ, ಬೆನ್ನಿನ ಕೆಳಗೆ ಅಥವಾ ಕುಂಡೆಯ ನಡುವೆ ಊತ ಕಂಡರೆ, ಮಗು ಮಲ ಮೂತ್ರಕ್ಕೆ ಬಹಳ ಕಷ್ಟಪಡುತ್ತಿದ್ದರೆ, ಅವರಿಗೆ ತೋರಿಸಲು ದೊಡ್ಡವರಿಗೆ ಹೇಳಿ. ಅಂಥ ಊತವೆಲ್ಲ ಈ ಗಡ್ಡೆಯೇ ಆಗಿರುವುದಿಲ್ಲ, ಗಾಬರಿ ಬೇಡ. ನಾಚಿಕೆಯಿಂದ ಬಟ್ಟೆ ಮುಚ್ಚಿ ಇಡುವುದು ಮಾತ್ರ ಬೇಡವೇ ಬೇಡ. ಎರಡು ತಿಂಗಳ ಆಚೆ–ಈಚೆಯ ಅಂಕಿಗಳನ್ನು ಆಗಲೇ ನೋಡಿದಿರಲ್ಲ!

ಯೋಚಿಸಿ, ಲೆಕ್ಕ ಹಾಕಿ

- ಒಂದು ರಾಜ್ಯದಲ್ಲಿ ವರ್ಷಕ್ಕೆ 4,47,000 ಮಕ್ಕಳು ಬದುಕಿ ಹುಟ್ಟಿದರೆ, ಫಿನ್ಲೆಂಡಿನ ಪ್ರಮಾಣದಂತೆ ಎಷ್ಟು ಮಕ್ಕಳಿಗೆ ಈ ಗಡ್ಡೆ ಇರಬಹುದು? 40,000ಕ್ಕೆ ಒಂದರಂತೆ ಎಷ್ಟು?
- ಒಂದು ಆಸ್ಪತ್ರೆಯಲ್ಲಿ ಆದ 2,000 ಮಕ್ಕಳ ಆಪರೇಷನ್‌ಗಳಲ್ಲಿ 5 ಈ ಗಡ್ಡೆಯವು. "400 ಮಕ್ಕಳಲ್ಲಿ ಒಬ್ಬರಿಗೆ ಗಡ್ಡೆ" ಎಂದು ಪತ್ರಿಕೆಯಲ್ಲಿ ಬಂತು. ತಪ್ಪು ಅಂಶದಲ್ಲಿದೆಯೋ, ಛೇದದಲ್ಲಿದೆಯೋ?
- ನಿಮ್ಮ ಜನನ ಪ್ರಮಾಣಪತ್ರ ತೆಗೆದು ನೋಡಿ. ಹುಟ್ಟಿದ ಊರು ಮತ್ತು ಅಪ್ಪ ಅಮ್ಮನ ವಿಳಾಸ ಒಂದೇ ಜಿಲ್ಲೆಯದಾ? ತರಗತಿಯಲ್ಲಿ ಎಷ್ಟು ಮಂದಿಯದು ಬೇರೆ ಬೇರೆ? ಎಣಿಸಿ ಬರೆಯಿರಿ.