ಒಂದು ಪೂರ್ವಜಕೋಶ, ಎರಡು ಕುಲ: ಭ್ರೂಣದಲ್ಲಿ ನರ ಮತ್ತು ಮಧ್ಯಪದರಗಳ ಕವಲು

ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಮನೆತನಗಳ ವಂಶಾವಳಿಯನ್ನು ಒಪ್ಪಿಸುತ್ತ ಬಂದವರು ಹೆಳವರು. ಬೇರೆ ಬೇರೆ ಎಂದು ಊರು ಭಾವಿಸಿಕೊಂಡಿರುವ ಎರಡು ಮನೆತನಗಳು ಒಬ್ಬನೇ ಹಿರಿಯನ ಸಂತತಿ ಎಂಬುದು ಇಂತಹ ವಂಶಕಥನಗಳಿಂದ ತಿಳಿದುಬರುವುದುಂಟು. ಜೀವಕೋಶಗಳ ವಂಶಾವಳಿಯಲ್ಲಿಯೂ ಇಂತಹುದೇ ಸಂಗತಿಯೊಂದು ಬೆಳಕಿಗೆ ಬಂದಿದೆ. ಜಾನಪದ ವಿದ್ಯಾರ್ಥಿಯಾದ ನನಗೆ ಅದು ವಂಶ ಮತ್ತು ವರ್ಗೀಕರಣಗಳ ಪ್ರಶ್ನೆಯಾಗಿ ಮಹತ್ವದ್ದೆನಿಸಿದೆ.

ಕೋಳಿಯ ಭ್ರೂಣವು ಪದರಗಳಿಂದ ರೂಪುಗೊಳ್ಳುತ್ತದೆಂಬುದನ್ನು ಕ್ರಿಶ್ಚಿಯನ್ ಪಾಂಡರ್ 1817ರಲ್ಲಿ ವಿವರಿಸಿದನು. ಮುಂದೆ ಕಾರ್ಲ್ ಅರ್ನ್‌ಸ್ಟ್ ಫಾನ್ ಬೇರ್ ಈ ವಿಚಾರವನ್ನು ಇತರ ಕಶೇರುಕಗಳಿಗೂ ವಿಸ್ತರಿಸಿದನು. ಹೊರಪದರದಿಂದ ಚರ್ಮ ಮತ್ತು ನರಮಂಡಲ, ಮಧ್ಯಪದರದಿಂದ ಸ್ನಾಯು, ಮೂಳೆ, ರಕ್ತ, ಒಳಪದರದಿಂದ ಕರುಳಿನ ಒಳಗೋಡೆ ಮುಂತಾದವು ಹುಟ್ಟುತ್ತವೆ ಎಂಬ ಪಾಠ ಹೀಗೆ ನೆಲೆಗೊಂಡಿತು. ಉಪಯುಕ್ತವಾದ ಈ ವರ್ಗೀಕರಣವು ಕ್ರಮೇಣ ಒಂದು ಕಟ್ಟಳೆಯಾಯಿತು. ಭ್ರೂಣದ ಆರಂಭದಲ್ಲಿ ಒಮ್ಮೆ ಬೇರ್ಪಟ್ಟ ಪದರಗಳ ನಡುವೆ ಮತ್ತೆ ಸಂಬಂಧವಿಲ್ಲವೆಂದೇ ಬಹುಕಾಲ ತಿಳಿಯಲಾಗಿತ್ತು. ಅದರಂತೆ ಮೆದುಳುಬಳ್ಳಿಯೂ ಅದರ ಪಕ್ಕದ ಸ್ನಾಯುವೂ ನೆರೆಯವರೇ ಹೊರತು ಹತ್ತಿರದ ದಾಯಾದಿಗಳಲ್ಲ.

ಈ ತಿಳಿವಳಿಕೆಯನ್ನು ತಿದ್ದಿದ ಮುಖ್ಯ ಸಂಶೋಧನೆ 2009ರಲ್ಲಿ ಪ್ರಕಟವಾಯಿತು. ಎಲೆನಾ ಜುವಾನಾಕು, ವ್ಯಾಲೆರಿ ವಿಲ್ಸನ್ ಮತ್ತು ಸಂಗಡಿಗರು ಇಲಿಯ ಭ್ರೂಣದಲ್ಲಿ ಅಪರೂಪವಾಗಿ, ಯಾದೃಚ್ಛಿಕವಾಗಿ ಒಂದು ಕೋಶಕ್ಕೆ ಗುರುತು ಬೀಳುವಂತೆಯೂ ಅದರ ಸಂತತಿಯೆಲ್ಲವೂ ಆ ಗುರುತನ್ನು ಹೊರುವಂತೆಯೂ ಏರ್ಪಡಿಸಿದ್ದರು. ಬೆಳೆದ ಭ್ರೂಣದಲ್ಲಿ ಗುರುತುಳ್ಳ ಕೋಶಗಳು ಎಲ್ಲೆಲ್ಲಿವೆ ಎಂದು ನೋಡಿ, ಅವುಗಳ ಪೂರ್ವಜನ ಸ್ವರೂಪವನ್ನು ಊಹಿಸುವ ವಿಧಾನವಿದು. ಹೆಳವರಂತೆ ಇಂದಿನಿಂದ ಹಿಂದಕ್ಕೆ ನಡೆಯುವ ದಾರಿ. ಒಂದೇ ಪೂರ್ವಜನಿಂದ ಬಂದ ಕೋಶಗಳು ಮೆದುಳುಬಳ್ಳಿಯಲ್ಲಿಯೂ ಮಧ್ಯಪದರದ ಅಂಗಾಂಶಗಳಲ್ಲಿಯೂ ಕಂಡುಬಂದವು. ಭ್ರೂಣವು ಹಿಂಭಾಗಕ್ಕೆ ಉದ್ದವಾಗುತ್ತ ಹೋಗುವಾಗ ಅದರ ಬಾಲದ ತುದಿಯಲ್ಲಿ ಉಳಿದುಕೊಂಡು ಎರಡೂ ಕಡೆಗೆ ಸಂತತಿಯನ್ನು ಒದಗಿಸುವ ಈ ಕೋಶಗಳಿಗೆ ನರ-ಮಧ್ಯಪದರ ಪೂರ್ವಜಕೋಶಗಳೆಂದು ಹೆಸರು. ಮೆದುಳು ಮಾತ್ರ ಇವುಗಳ ಸಂತತಿಯಲ್ಲ.

ಇವು ಯಾವ ಕವಲನ್ನು ಹಿಡಿಯುತ್ತವೆಂಬುದು ಹೇಗೆ ನಿರ್ಧಾರವಾಗುತ್ತದೆ? ಪೂರ್ವಜಕೋಶದಲ್ಲಿ ಸಾಕ್ಸ್-2 ಮತ್ತು ಬ್ರಾಕಿಯೂರಿ ಎಂಬ ಎರಡು ವಂಶವಾಹಿಗಳು ಒಟ್ಟಿಗೆ ಸಕ್ರಿಯವಾಗಿರುತ್ತವೆ. ಮೊದಲನೆಯದು ನರದತ್ತ, ಎರಡನೆಯದು ಮಧ್ಯಪದರದತ್ತ ಒಲಿದುದು. ‘ಬ್ರಾಕಿಯೂರಿ’ ಎಂದರೆ ಗ್ರೀಕಿನಲ್ಲಿ ಮೊಂಡುಬಾಲ. 1927ರಲ್ಲಿ ನಾದೆಜ್ದಾ ದೊಬ್ರೊವೊಲ್‌ಸ್ಕಾಯಾ-ಜವಾದ್‌ಸ್ಕಾಯಾ ಪ್ಯಾರಿಸ್ಸಿನಲ್ಲಿ ವರ್ಣಿಸಿದ ಮೊಂಡುಬಾಲದ ಇಲಿಗಳಿಂದ ಈ ಹೆಸರು ಬಂದಿದೆ. ಬಾಲದ ತುದಿಯಲ್ಲಿ ವಿಂಟ್ ಮತ್ತು ಎಫ್‌ಜಿಎಫ್ ಎಂಬ ಸಂಕೇತಗಳು ಪ್ರಬಲವಾಗಿದ್ದು ಪೂರ್ವಜಕೋಶಗಳನ್ನು ಕಾಯ್ದುಕೊಳ್ಳುತ್ತವೆ. ಒಳಕ್ಕೆ ಸರಿಯುವ ಕೋಶಗಳಲ್ಲಿ ವಿಂಟ್‌ನ ಪ್ರಭಾವದಿಂದ ಟಿಬಿಎಕ್ಸ್-6 ಎಂಬ ವಂಶವಾಹಿ ಎಚ್ಚೆತ್ತು ಸಾಕ್ಸ್-2ನ್ನು ಅಡಗಿಸುತ್ತದೆ, ಅವು ಮಧ್ಯಪದರವಾಗುತ್ತವೆ. ತುದಿಯಿಂದ ಹಿಂದುಳಿದು ತಲೆಯ ಕಡೆಗೆ ಉಳಿಯುವ ಕೋಶಗಳಿಗೆ ಪಕ್ಕದ ಮಧ್ಯಪದರದಿಂದ ಎ ಜೀವಸತ್ವದ ಉತ್ಪನ್ನವಾದ ರೆಟಿನೋಯಿಕ್ ಆಮ್ಲ ದೊರೆಯುತ್ತದೆ. ಅವುಗಳಲ್ಲಿ ಬ್ರಾಕಿಯೂರಿ ಅಡಗಿ ಸಾಕ್ಸ್-2 ಉಳಿಯುತ್ತದೆ, ಅವು ಮೆದುಳುಬಳ್ಳಿಯಾಗುತ್ತವೆ. ಹೀಗೆ ಮೊದಲು ಮಧ್ಯಪದರವಾದ ಕೋಶಗಳೇ ತಮ್ಮ ದಾಯಾದಿಗಳು ನರವಾಗಲು ನೆರವಾಗುತ್ತವೆ.

ಇದಕ್ಕೆ ಸಾಕ್ಷ್ಯ ದೃಢವಾಗಿದೆ. ಟಿಬಿಎಕ್ಸ್-6 ಇಲ್ಲದ ಇಲಿಯ ಭ್ರೂಣದಲ್ಲಿ ಒಂದರ ಬದಲು ಮೂರು ನರನಾಳಗಳು ಕಾಣಿಸಿಕೊಂಡುದನ್ನು ಡೆಬೊರಾ ಚಾಪ್‌ಮನ್ ಮತ್ತು ವರ್ಜೀನಿಯಾ ಪಾಪಯೋನ್ನು 1998ರಲ್ಲಿ ವರದಿಮಾಡಿದರು. ಸ್ನಾಯು, ಕಶೇರುಗಳಿಗೆ ಮೂಲವಾಗಬೇಕಿದ್ದ ಎರಡು ಬದಿಗಳೂ ನರವಾಗಿದ್ದವು. ಅಂತಹ ಭ್ರೂಣದಲ್ಲಿ ಸಾಕ್ಸ್-2ನ್ನು ಚಾಲನೆಗೊಳಿಸುವ ಡಿಎನ್‌ಎ ತುಣುಕೊಂದನ್ನು ತೆಗೆದುಹಾಕಿದರೆ ಹೆಚ್ಚುವರಿ ನರನಾಳಗಳು ಮೂಡುವುದಿಲ್ಲವೆಂದು 2011ರಲ್ಲಿ ಜಪಾನಿನ ಟಾಟ್ಸುಯಾ ಟಕೆಮೊಟೊ, ಹಿಸಾಟೊ ಕೊಂಡೊ ಮತ್ತು ಸಂಗಡಿಗರು ತೋರಿಸಿದರು.

ಈ ಅರಿವು ಪಠ್ಯದ ತಿದ್ದುಪಡಿಗಷ್ಟೇ ಸೀಮಿತವಲ್ಲ. ಮೊದಲು ಮೆದುಳಿನ ಬಗೆಯ ಕೋಶವನ್ನು ಬೆಳೆಸಿ ಬಳಿಕ ಮೆದುಳುಬಳ್ಳಿಯ ಕಡೆಗೆ ತಿರುಗಿಸುವ ದಾರಿ ನಿಸರ್ಗದ ದಾರಿಯಲ್ಲವೆಂಬುದು ಇದರಿಂದ ಸ್ಪಷ್ಟವಾಯಿತು. 2014ರಲ್ಲಿ ಲಂಡನ್ನಿನ ಜೇಮ್ಸ್ ಬ್ರಿಸ್ಕೊ ಅವರ ತಂಡವು ಆಕರಕೋಶಗಳಿಂದ ನರ-ಮಧ್ಯಪದರ ಪೂರ್ವಜಕೋಶಗಳನ್ನೇ ಪ್ರಯೋಗಶಾಲೆಯಲ್ಲಿ ಪಡೆಯಿತು. ಮೆದುಳುಬಳ್ಳಿಯ ಊನಗಳನ್ನು ಅರಿಯಲು ಇದೊಂದು ಆಧಾರ.

ವಿಜ್ಞಾನಿಗಳು ಬಳಸುವ ‘ಆಯ್ಕೆ’ ಎಂಬ ಮಾತಿನಲ್ಲಿ ಇಚ್ಛೆಯ ಸೂಚನೆ ಇಲ್ಲ. ಕೋಶದ ಪಾಡನ್ನು ‘ಹಣೆಬರಹ’ ಎನ್ನುವುದೂ ಪೂರ್ತಿ ಸರಿಯಾಗದು. ಪೂರ್ವಜನು ಒಬ್ಬನೇ ಆದರೂ ನಿಂತ ನೆಲೆ, ಪಡೆದ ಸಂಕೇತ, ಅದು ದೊರೆತ ಕಾಲ ಇವುಗಳಿಂದ ಕುಲ ಬೇರೆಯಾಗುತ್ತದೆ. ಕಥೆಗಳನ್ನು ವರ್ಗಗಳಲ್ಲಿ ಇರಿಸುವ ನಾವೂ ವರ್ಗವನ್ನು ಮೂಲವೆಂದು ತಿಳಿಯುವ ಮುನ್ನ ಈ ನಿದರ್ಶನವನ್ನು ನೆನೆಯುವುದು ಒಳ್ಳೆಯದು.