ನೆತ್ತಿ ನೀವುವ ಬ್ರಷ್: ಕೊಳ್ಳುವ ಮುನ್ನ ತಿಳಿಯಬೇಕಾದುದು

ತೇನಿ, ಕಂಬಂ, ದಿಂಡಿಗಲ್ ಪಟ್ಟಣಗಳ ಫ್ಯಾನ್ಸಿ ಅಂಗಡಿಗಳಲ್ಲಿ ಬಾಚಣಿಗೆ, ರಿಬ್ಬನ್ನು, ಕ್ಲಿಪ್ಪುಗಳ ಸಾಲಿನಲ್ಲಿ ಈಗ ಇನ್ನೊಂದು ವಸ್ತುವೂ ಸೇರಿಕೊಂಡಿದೆ. ಅಂಗೈಯಲ್ಲಿ ಅಡಗುವಷ್ಟು ಗಾತ್ರ, ಮೇಲೊಂದು ಹಿಡಿ, ಕೆಳಗೆ ರಬ್ಬರಿನಂತೆ ಬಾಗುವ ದಪ್ಪ ಹಲ್ಲುಗಳು. ಇದಕ್ಕೆ ಸ್ಕಾಲ್ಪ್ ಮಸಾಜರ್ ಎಂದು ಹೆಸರು. ಇದನ್ನು ಬಳಸಿದರೆ ಕೂದಲು ಉದುರುವುದು ನಿಲ್ಲುತ್ತದೆ, ಹೊಸ ಕೂದಲು ಹುಟ್ಟುತ್ತದೆ ಎಂದು ಮೊಬೈಲಿನ ಜಾಹೀರಾತುಗಳು ಸಾರುತ್ತವೆ. ಶಾಲೆಗೆ ಹೋಗುವ ಹೆಣ್ಣುಮಕ್ಕಳಿರುವ ಮನೆಗಳಲ್ಲಿ ಈ ಮಾತಿಗೆ ಕಿವಿಗೊಡದವರು ವಿರಳ. ಈ ಸಾಧನವು ಏನನ್ನು ಮಾಡಬಲ್ಲದು, ಏನನ್ನು ಮಾಡಲಾರದು, ಕೊಳ್ಳುವುದಾದರೆ ಯಾವುದನ್ನು ಕೊಳ್ಳಬೇಕು ಎಂಬುದನ್ನು ಪೋಷಕರಿಗೆ ತಿಳಿಸುವುದು ಈ ಲೇಖನದ ಉದ್ದೇಶ.

ಸಾಧನ ಹೊಸದು, ಕೆಲಸ ಹಳೆಯದು

ಕಂಬಂ ಕಣಿವೆ ಮತ್ತು ದಿಂಡಿಗಲ್ ಸೀಮೆಯಲ್ಲಿ ಕಪ್ಪಿಲಿಯರು, ಅನುಪ್ಪರು ಮೊದಲಾದ ಸಮುದಾಯಗಳು ತಲೆಮಾರುಗಳಿಂದ ಮನೆಯೊಳಗೆ ಕನ್ನಡವನ್ನೇ ಆಡುತ್ತ ಬಂದಿವೆ. ಹೊರಗಿನ ವ್ಯವಹಾರವೆಲ್ಲ ತಮಿಳಿನಲ್ಲಿ ನಡೆದರೂ ಅಡುಗೆಮನೆ ಮತ್ತು ಬಚ್ಚಲುಮನೆಯ ಮಾತು ಬಹುಕಾಲ ಉಳಿಯುವುದು ಮನೆಮಾತಿನಲ್ಲಿಯೇ. ತಲೆಗೆ ಎಣ್ಣೆ ಒತ್ತಿ ಎರೆದುಕೊಳ್ಳುವ ಪದ್ಧತಿ ಎರಡೂ ಭಾಷೆಯವರಿಗೆ ಸಮಾನವಾದುದು. ನರಕ ಚತುರ್ದಶಿಯ ಅಭ್ಯಂಜನವನ್ನು ತಪ್ಪಿಸುವ ಮನೆ ಎರಡು ಕಡೆಯೂ ಅಪರೂಪ. ನಾವು ಎಳ್ಳೆಣ್ಣೆ ಎನ್ನುವುದನ್ನು ತಮಿಳರು ನಲ್ಲೆಣ್ಣೈ ಎನ್ನುತ್ತಾರೆ. ನಮ್ಮ ಸೀಗೇಕಾಯಿ ಅವರಿಗೆ ಸೀಯಕ್ಕಾಯ್. ಹಳೇ ಮೈಸೂರಿನ ಕಡೆ ಚುಜ್ಜಲು ಎಂದು ಕರೆಯುವ ಮರದ ಎಲೆಯ ಪುಡಿಯೇ ಇಲ್ಲಿಯ ಸಂತೆಯ ಅರಪ್ಪು.

ಈ ಪದ್ಧತಿಯಲ್ಲಿ ಮಸಾಜರಿನ ಕೆಲಸವನ್ನು ಮಾಡುತ್ತಿದ್ದುದು ಅಜ್ಜಿಯ ಅಥವಾ ತಾಯಿಯ ಹತ್ತು ಬೆರಳುಗಳು. ತಲೆ ಒತ್ತುವ ಈ ವಿದ್ಯೆ ಭಾರತದಿಂದಲೇ ಹೊರದೇಶಕ್ಕೆ ಹೋಯಿತೆಂಬುದಕ್ಕೆ ಶಾಂಪೂ ಎಂಬ ಮಾತೇ ಸಾಕ್ಷಿ. ಒತ್ತು ಎಂಬ ಅರ್ಥದ ಹಿಂದಿ ಪದದಿಂದ ಅದು ಹುಟ್ಟಿತು. 1759ರಲ್ಲಿ ಪಟ್ನಾದಲ್ಲಿ ಜನಿಸಿದ ಶೇಕ್ ದೀನ್ ಮಹಮ್ಮದ್ ಅವರು 1814ರಲ್ಲಿ ಇಂಗ್ಲೆಂಡಿನ ಬ್ರೈಟನ್ ಪಟ್ಟಣದಲ್ಲಿ ಶಾಂಪೂ ಸ್ನಾನಗೃಹವನ್ನು ತೆರೆದರು. ಅಲ್ಲಿ ಮಾರುತ್ತಿದ್ದುದು ಬಾಟಲಿಯ ನೊರೆಯನ್ನಲ್ಲ, ಹಬೆಯಲ್ಲಿ ಮೈ ಒತ್ತುವ ಸೇವೆಯನ್ನು. ತಲೆ ತೊಳೆಯುವ ದ್ರವಕ್ಕೆ ಆ ಹೆಸರು ಅಂಟಿದ್ದು ಅನಂತರದ ಮಾತು.

ನೀವುವುದರಿಂದ ಆಗುವುದೇನು?

ನೆತ್ತಿಯನ್ನು ನೀವಿದರೆ ಮೂರು ಪ್ರಯೋಜನಗಳಿವೆ. ಎಣ್ಣೆ ಅಥವಾ ನೊರೆ ಕೂದಲ ಬುಡದವರೆಗೂ ಹರಡುತ್ತದೆ. ಬೆವರು, ಧೂಳು, ಸತ್ತ ಚರ್ಮದ ಪದರ ಸಡಿಲಗೊಂಡು ನೀರಿನೊಡನೆ ಹೋಗುತ್ತದೆ. ಬಿಗಿದ ಸ್ನಾಯುಗಳು ಸಡಿಲವಾಗಿ ಮನಸ್ಸಿಗೆ ಹಾಯೆನಿಸುತ್ತದೆ. ಕೊಳವೆಬಾವಿಯ ಗಡಸು ನೀರನ್ನು ಬಳಸುವ ಮನೆಗಳಲ್ಲಿ ಎರಡನೆಯ ಪ್ರಯೋಜನ ಹೆಚ್ಚು ಕಾಣುತ್ತದೆ. ಗಡಸು ನೀರಿನಲ್ಲಿರುವ ಸುಣ್ಣದ ಅಂಶವು ಸಾಬೂನಿನೊಡನೆ ಸೇರಿ ಕರಗದ ಕೆನೆಯಂತಾಗಿ ತಲೆಯಲ್ಲಿ ಉಳಿಯುತ್ತದೆ. ಅಂಥಲ್ಲಿ ತಲೆಗೆ ಮೈಸಾಬೂನನ್ನು ಹಚ್ಚದಿರುವುದೇ ಮೊದಲ ಪರಿಹಾರ, ನೀವುವಿಕೆ ಎರಡನೆಯದು.

ಕೂದಲು ಬೆಳೆಯುತ್ತದೆಯೇ ಎಂಬ ಪ್ರಶ್ನೆಗೆ ಉತ್ತರ ಜಾಹೀರಾತಿನಷ್ಟು ಸರಳವಾಗಿಲ್ಲ. ಮಾರಾಟಗಾರರು ಮತ್ತೆ ಮತ್ತೆ ಉಲ್ಲೇಖಿಸುವುದು ಜಪಾನಿನ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಒಂದು ಅಧ್ಯಯನವನ್ನು. ಅದರಲ್ಲಿ ಪಾಲ್ಗೊಂಡವರು ಆರೋಗ್ಯವಂತರಾದ 9 ಮಂದಿ ಪುರುಷರು ಮಾತ್ರ. ದಿನಕ್ಕೆ 4 ನಿಮಿಷದಂತೆ 24 ವಾರ ಯಂತ್ರದಿಂದ ನೆತ್ತಿಯನ್ನು ನೀವಿದಾಗ ಕೂದಲೆಳೆಯ ಸರಾಸರಿ ದಪ್ಪ 0.085 ಮಿಲಿಮೀಟರಿನಿಂದ 0.092 ಮಿಲಿಮೀಟರಿಗೆ ಏರಿತು. ಬೆಳೆಯುವ ವೇಗ ಹೆಚ್ಚಲಿಲ್ಲ. ಒಂಬತ್ತು ಜನರ ಫಲಿತಾಂಶವನ್ನು ಎಲ್ಲರಿಗೂ ಅನ್ವಯಿಸಲಾಗದು. ಬೆಳೆಯುವ ಮಕ್ಕಳಿಗಂತೂ ಅದು ಸಂಬಂಧಿಸಿದ್ದೇ ಅಲ್ಲ.

ಎಣ್ಣೆಯ ವಿಷಯವೂ ಹೀಗೆಯೇ. ತೆಂಗಿನೆಣ್ಣೆಯು ಕೂದಲೆಳೆಯೊಳಗೆ ಇಳಿದು ಪ್ರೋಟೀನಿನ ನಷ್ಟವನ್ನು ಕಡಿಮೆ ಮಾಡುತ್ತದೆಂದೂ ಸೂರ್ಯಕಾಂತಿ ಎಣ್ಣೆ, ಖನಿಜ ತೈಲಗಳಿಗೆ ಆ ಗುಣವಿಲ್ಲವೆಂದೂ ಮಾರಿಕೊ ಕಂಪನಿಯ ಸಂಶೋಧಕರು 2003ರಲ್ಲಿ ಪ್ರಕಟಿಸಿದರು. ಆ ಕಂಪನಿ ತೆಂಗಿನೆಣ್ಣೆಯನ್ನು ಮಾರುವಂಥದ್ದು ಎಂಬುದನ್ನೂ ಓದುಗರು ನೆನಪಿನಲ್ಲಿಡಬೇಕು. ಹೇಗಿದ್ದರೂ ಆ ಲಾಭ ಇರುವ ಕೂದಲು ತುಂಡಾಗದಂತೆ ಕಾಯುವುದಕ್ಕೆ ಸಂಬಂಧಿಸಿದ್ದು, ಹೊಸ ಕೂದಲು ಹುಟ್ಟಿಸುವುದಕ್ಕಲ್ಲ.

ಬ್ರಷ್ಷಿಗೆ ನಿಲುಕದ ಕಾರಣಗಳು

ನಮ್ಮ ತಲೆಯ ಮೇಲೆ ಸುಮಾರು ಒಂದು ಲಕ್ಷ ಕೂದಲುಗಳಿರುತ್ತವೆ. ದಿನಕ್ಕೆ 50ರಿಂದ 100 ಉದುರುವುದು ಸಹಜ. ಅದಕ್ಕಿಂತ ಹೆಚ್ಚಾಗಿ ಉದುರುತ್ತಿದ್ದರೆ ಕಾರಣವನ್ನು ಹುಡುಕಬೇಕು. ಶಾಲಾ ಮಕ್ಕಳಲ್ಲಿ ಮುಖ್ಯವಾಗಿ ನೋಡಬೇಕಾದ ಕಾರಣಗಳು ಮೂರು.

ಮೊದಲನೆಯದು ರಕ್ತಹೀನತೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ 15ರಿಂದ 19 ವರ್ಷದ ಹುಡುಗಿಯರಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆಯಿದೆ. ದೇಹದಲ್ಲಿ ಕಬ್ಬಿಣಾಂಶ ಕುಗ್ಗಿದಾಗ ಕೂದಲು ತೆಳ್ಳಗಾಗಿ ಉದುರುವುದುಂಟು. ಬೇಗನೆ ಆಯಾಸ, ಮೆಟ್ಟಿಲೇರಿದರೆ ಏದುಸಿರು, ಕಣ್ಣಿನ ಕೆಳರೆಪ್ಪೆಯ ಒಳಭಾಗ ಬಿಳಚಿಕೊಳ್ಳುವುದು ಇದರ ಲಕ್ಷಣಗಳು. 10ರಿಂದ 19 ವರ್ಷದ ಮಕ್ಕಳಿಗೆ ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಮಾತ್ರೆ ಕಬ್ಬಿಣಾಂಶ ಮತ್ತು ಫೋಲಿಕ್ ಆಮ್ಲದ್ದು. ಹೊಟ್ಟೆ ತೊಳಸುತ್ತದೆಂದು ಅದನ್ನು ಎಸೆಯುವ ಮಕ್ಕಳಿದ್ದಾರೆ. ಊಟವಾದ ಮೇಲೆ ನುಂಗಿದರೆ ಆ ತೊಂದರೆ ಕಡಿಮೆ. ಮಗಳು ಮಾತ್ರೆಯನ್ನು ನುಂಗುತ್ತಿದ್ದಾಳೆಯೇ ಎಂದು ಕೇಳುವುದು ಯಾವ ಮಸಾಜರಿಗಿಂತಲೂ ಮೊದಲು ಆಗಬೇಕಾದ ಕೆಲಸ.

ಎರಡನೆಯದು ಬಿಗಿಯಾದ ಜಡೆ. ತಮಿಳುನಾಡಿನ ಬಹುಪಾಲು ಶಾಲೆಗಳಲ್ಲಿ ಹುಡುಗಿಯರು ಎರಡು ಜಡೆ ಹೆಣೆದು, ಮಡಿಚಿ, ರಿಬ್ಬನ್ ಕಟ್ಟಿಕೊಂಡು ಬರುವುದು ರೂಢಿ. ಸಂಜೆಯವರೆಗೆ ಕೆದರದಿರಲೆಂದು ಬೆಳಿಗ್ಗೆ ಬಲವಾಗಿ ಎಳೆದು ಹೆಣೆದರೆ, ಆ ಎಳೆತವನ್ನು ಕೂದಲ ಬುಡ ದಿನವಿಡೀ ತಾಳಬೇಕಾಗುತ್ತದೆ. ವರ್ಷಗಳ ಮೇಲೆ ಬೈತಲೆ ಅಗಲವಾಗಿ, ಕೆನ್ನೆತಲೆಯ ಬಳಿ ಕೂದಲು ಹಿಂದೆ ಸರಿಯುತ್ತದೆ. ಆರಂಭದಲ್ಲಿ ಸಡಿಲಿಸಿದರೆ ಕೂದಲು ಮರಳುತ್ತದೆ. ಬಹುಕಾಲ ಬಿಟ್ಟರೆ ಬುಡವೇ ಸತ್ತುಹೋಗಬಹುದು. ಜಡೆ ಹಾಕಿದಾಗ ಮಗುವಿನ ಹುಬ್ಬು ಮೇಲಕ್ಕೆ ಎಳೆದಂತೆ ಕಂಡರೆ ಬಿಗಿ ಹೆಚ್ಚಾಯಿತೆಂದು ತಿಳಿಯಬೇಕು.

ಮೂರನೆಯದು ಜ್ವರದ ನಂತರದ ಉದುರುವಿಕೆ. ಡೆಂಗಿ, ಟೈಫಾಯಿಡ್‌ಗಳಂಥ ಕಾಯಿಲೆ ವಾಸಿಯಾದ ಎರಡು ಮೂರು ತಿಂಗಳಿಗೆ ಕೂದಲು ಹಿಡಿಹಿಡಿಯಾಗಿ ಉದುರುವುದುಂಟು. ಸಾಮಾನ್ಯವಾಗಿ ಕೆಲವು ತಿಂಗಳಲ್ಲಿ ಅದು ತಾನಾಗಿ ನಿಂತು ಕೂದಲು ಮರಳಿ ಬರುತ್ತದೆ. ಆ ವೇಳೆಯಲ್ಲಿ ಕೊಂಡ ಯಾವುದೇ ಸಾಧನಕ್ಕೆ ಆ ಕೀರ್ತಿ ಸುಮ್ಮನೆ ಸಲ್ಲುತ್ತದೆ.

ಆಯ್ಕೆಯ ಬಗೆ

ಮಾರುಕಟ್ಟೆಯಲ್ಲಿ ದೊರೆಯುವ ಸಾಧನಗಳು ಮುಖ್ಯವಾಗಿ ಮೂರು ಬಗೆಯವು. ಕೈಯಿಂದ ಬಳಸುವ ಸಿಲಿಕೋನ್ ಹಲ್ಲಿನ ಬ್ರಷ್; ಜೇಡನ ಕಾಲುಗಳಂತೆ ತಂತಿಗಳಿದ್ದು ತುದಿಗೆ ಮಣಿಗಳಿರುವ ಸಾಧನ; ಬ್ಯಾಟರಿಯಿಂದ ಅದುರುವ ಅಥವಾ ತಿರುಗುವ ಯಂತ್ರ.

ತಂತಿಯದ್ದು ಒಣಗಿದ ತಲೆಯ ಮೇಲೆ ಕಚಗುಳಿಯಿಡುವ ಸುಖಕ್ಕಷ್ಟೇ ಸರಿ. ಉದ್ದ ಕೂದಲಿಗೆ ಸಿಕ್ಕಿಹಾಕಿಕೊಳ್ಳುತ್ತದೆ. ಮಣಿ ಕಳಚಿದರೆ ಚೂಪಾದ ತುದಿ ಚರ್ಮವನ್ನು ಗೀರುತ್ತದೆ. ಮಕ್ಕಳಿರುವ ಮನೆಗೆ ತಕ್ಕುದಲ್ಲ. ತಿರುಗುವ ಯಂತ್ರ ಉದ್ದನೆಯ ಕೂದಲನ್ನು ಸುತ್ತಿಕೊಳ್ಳಬಹುದು. ಯಂತ್ರವನ್ನೇ ಕೊಳ್ಳುವುದಾದರೆ ಅದುರುವಂಥದ್ದನ್ನು ಆರಿಸಿ, ಡಬ್ಬಿಯ ಮೇಲೆ ಐಪಿಎಕ್ಸ್ 7 ಎಂಬ ಗುರುತಿದೆಯೇ ನೋಡಬೇಕು. ಒಂದು ಮೀಟರ್ ಆಳದ ನೀರಿನಲ್ಲಿ 30 ನಿಮಿಷವಿದ್ದರೂ ಒಳಗೆ ನೀರು ಹೋಗದು ಎಂಬುದು ಆ ಗುರುತಿನ ಅರ್ಥ. ಹಾಗಿದ್ದರೂ ಚಾರ್ಜಿಗೆ ಹಾಕಿರುವಾಗ ಬಚ್ಚಲಿಗೆ ಒಯ್ಯಕೂಡದು.

ಬಹುಪಾಲು ಮನೆಗಳಿಗೆ ಸಿಲಿಕೋನ್ ಬ್ರಷ್ಷೇ ಸಾಕು. ಅದನ್ನು ಕೊಳ್ಳುವಾಗ ಹೀಗೆ ಪರೀಕ್ಷಿಸಬಹುದು. ಹಲ್ಲುಗಳನ್ನು ಮುಂಗೈಯ ಒಳಭಾಗಕ್ಕೆ ಒತ್ತಿ ಎಳೆಯಬೇಕು. ಬಿಳಿ ಗೀರು ಮೂಡಿದರೆ ಬೇಡ. ಬೆರಳಿನಿಂದ ತಳ್ಳಿದಾಗ ಹಲ್ಲು ಬಾಗಿ ಮರಳಿ ನೆಟ್ಟಗಾಗಬೇಕು. ದಟ್ಟವಾದ ಉದ್ದ ಕೂದಲಿಗೆ ಉದ್ದನೆಯ, ವಿರಳವಾದ ಹಲ್ಲುಗಳು. ತೆಳ್ಳನೆಯ ಅಥವಾ ಗಿಡ್ಡ ಕೂದಲಿಗೆ ಚಿಕ್ಕವು. ಎಣ್ಣೆಗೈಯಲ್ಲಿ ಜಾರದಂಥ ಹಿಡಿಯಿರಬೇಕು. ಹಲ್ಲಿನ ಭಾಗ ಮತ್ತು ಹಿಡಿ ಕೂಡುವ ಸಂದುಗಳು ಕಡಿಮೆಯಿದ್ದಷ್ಟು ಒಳ್ಳೆಯದು. ಎಣ್ಣೆಯ ಜಿಡ್ಡು ಕೂರುವುದೇ ಆ ಸಂದಿನಲ್ಲಿ.

ಬಳಸುವ ಕ್ರಮ

ಮೊದಲು ಒಣ ಕೂದಲಿನ ಸಿಕ್ಕನ್ನು ಅಗಲ ಹಲ್ಲಿನ ಬಾಚಣಿಗೆಯಿಂದ ತುದಿಯಿಂದ ಬುಡದ ಕಡೆಗೆ ಬಿಡಿಸಬೇಕು. ಒದ್ದೆ ಕೂದಲು ಬೇಗ ಹಿಗ್ಗಿ ತುಂಡಾಗುವುದರಿಂದ ತಲೆ ತೋಯಿಸುವ ಮೊದಲೇ ಈ ಕೆಲಸ ಮುಗಿಯಬೇಕು. ಅನಂತರ ಬೈತಲೆ ಬೈತಲೆಯಾಗಿ ಬಿಡಿಸಿ ಎಣ್ಣೆಯನ್ನು ಬೆರಳಿನಿಂದ ಹಚ್ಚಿ, ಬ್ರಷ್ಷನ್ನು ಒಂದು ಕಡೆ ಊರಿ, ಚರ್ಮವೇ ಅಲುಗುವಂತೆ ಮೆಲ್ಲನೆ ಹಿಂದೆ ಮುಂದೆ ಆಡಿಸಬೇಕು. ಚರ್ಮದ ಮೇಲೆ ಬ್ರಷ್ಷನ್ನು ಗರಗರ ಸುತ್ತಿಸಿದರೆ ಸಿಕ್ಕಾಗುತ್ತದೆ. ಐದು ನಿಮಿಷ ಧಾರಾಳವಾಯಿತು.

ಹೊಟ್ಟು ಇರುವವರು ಎಣ್ಣೆಯನ್ನು ರಾತ್ರಿಯಿಡೀ ಬಿಡಬಾರದು. ಹೊಟ್ಟಿಗೆ ಕಾರಣವಾಗುವ ಸೂಕ್ಷ್ಮ ಶಿಲೀಂಧ್ರವು ಜಿಡ್ಡನ್ನೇ ತಿಂದು ಬದುಕುತ್ತದೆ. ಹೊಟ್ಟನ್ನು ಬ್ರಷ್ಷಿನಿಂದ ಕೆರೆದು ತೆಗೆಯಲು ಹೋದರೆ ಚರ್ಮ ಇನ್ನಷ್ಟು ಕೆರಳುತ್ತದೆ. ಗಾಯ, ಕುರು, ಕೀವು, ಕೂದಲು ತುಂಡಾಗಿ ದುಂಡಗೆ ಬೋಳಾದ ಜಾಗ ಇವುಗಳಲ್ಲಿ ಯಾವುದಿದ್ದರೂ ಸಾಧನವನ್ನು ಬಳಸದೆ ಚರ್ಮವೈದ್ಯರಿಗೆ ತೋರಿಸಬೇಕು. ತೇನಿ ಮತ್ತು ದಿಂಡಿಗಲ್ಲಿನ ಸರಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ ಈ ಚಿಕಿತ್ಸೆ ದೊರೆಯುತ್ತದೆ. ಹಸುಗೂಸುಗಳ ನೆತ್ತಿಯ ಮೆತ್ತನೆಯ ಭಾಗ ಕೂಡಿಕೊಳ್ಳಲು ಸುಮಾರು ಒಂದೂವರೆ ವರ್ಷ ಬೇಕು. ಅಲ್ಲಿ ಅಂಗೈಯ ಹಗುರ ಸ್ಪರ್ಶದ ಹೊರತು ಬೇರೇನೂ ಸಲ್ಲದು.

ಒಂದು ತಲೆಗೆ ಒಂದೇ ಬ್ರಷ್

ಹೇನು ಮುಖ್ಯವಾಗಿ ತಲೆಗೆ ತಲೆ ತಾಗುವುದರಿಂದ ಹರಡುತ್ತದೆ. ಬಾಚಣಿಗೆ, ಬ್ರಷ್ಷುಗಳಿಂದಲೂ ದಾಟಬಹುದು. ತಲೆಯ ಹುಳುಕಡ್ಡಿಯಂತೂ ಬಾಚಣಿಗೆಯ ಮೂಲಕ ಸುಲಭವಾಗಿ ಅಂಟುತ್ತದೆ. ಆದುದರಿಂದ ಅಕ್ಕತಂಗಿಯರೂ ಒಂದೇ ಬ್ರಷ್ಷನ್ನು ಹಂಚಿಕೊಳ್ಳಬಾರದು. ಬಳಸಿದ ಮೇಲೆ ಸಿಕ್ಕ ಕೂದಲನ್ನು ತೆಗೆದು, ಬಿಸಿನೀರು ಮತ್ತು ಸಾಬೂನಿನಲ್ಲಿ ತೊಳೆದು, ಹಲ್ಲು ಕೆಳಗಾಗಿ ಗಾಳಿಗೆ ಒಣಗಿಸಬೇಕು.

ಹೇನಿದ್ದರೆ ಮಸಾಜರಿನಿಂದ ಫಲವಿಲ್ಲ. ಅಲ್ಲಿ ಬೇಕಾದುದು ಸೀರಣಿಗೆ. ಸೀರು, ಅಂದರೆ ಹೇನಿನ ಮೊಟ್ಟೆ, ಕೂದಲ ಬುಡದ ಹತ್ತಿರ ಅಂಟಿರುತ್ತದೆ. ಅದು ಒಡೆಯಲು ಏಳರಿಂದ ಹತ್ತು ದಿನ ಬೇಕು. ಒಂದು ಸಲ ಬಾಚಿ ಸುಮ್ಮನಾದರೆ ಉಳಿದ ಸೀರು ಮತ್ತೆ ಹೇನಾಗುತ್ತದೆ. ಎರಡು ವಾರ ಬಿಡದೆ ಬಾಚಬೇಕು. ಹೇನಾಗುವುದು ಕೊಳಕಿನ ಗುರುತಲ್ಲ; ತೊಳೆದ ತಲೆಗೂ ಅದು ಹತ್ತುತ್ತದೆ. ಮಗುವನ್ನು ಗದರಿಸಿದರೆ ಅದು ಮುಚ್ಚಿಡಲು ಕಲಿಯುತ್ತದೆ, ಅಷ್ಟರಲ್ಲಿ ಬೆಂಚಿನ ಎಲ್ಲರಿಗೂ ಹರಡಿರುತ್ತದೆ.

ಅಂಗಡಿಯಲ್ಲಾಗಲಿ ಆಸ್ಪತ್ರೆಯಲ್ಲಾಗಲಿ ತಮಿಳಿನಲ್ಲಿ ವಿವರಿಸಬೇಕಾದವರಿಗೆ ಒಂದೆರಡು ಮಾತು. ನಮ್ಮ ಹೇನು ತಮಿಳಿನಲ್ಲಿ ಪೇನ್, ಸೀರು ಅಲ್ಲಿ ಈರ್, ಹೊಟ್ಟು ಪೊಡುಗು, ಬಾಚಣಿಗೆ ಸೀಪ್ಪು. ನೆತ್ತಿ ಎಂಬ ಮಾತಿನಲ್ಲಿ ಮಾತ್ರ ಎಚ್ಚರ ಬೇಕು. ಕನ್ನಡದಲ್ಲಿ ಅದು ತಲೆಯ ಮೇಲ್ಭಾಗ. ತಮಿಳಿನ ನೆಟ್ರಿ, ಆಡುಮಾತಿನಲ್ಲಿ ನೆತ್ತಿ, ಎಂದರೆ ಹಣೆ. ನೆತ್ತಿಯಲ್ಲಿ ಗಾಯವಾಗಿದೆ ಎಂದು ಮಗು ಹೇಳಿದರೆ ಕೇಳಿದವರು ಹಣೆಯನ್ನು ನೋಡಿಯಾರು. ಬೆರಳಿಟ್ಟು ತೋರಿಸಲು ಮಕ್ಕಳಿಗೆ ಹೇಳಿಕೊಡಬೇಕು.

ಬ್ರಷ್ಷನ್ನು ಕೊಂಡರೂ ಕೊಳ್ಳದಿದ್ದರೂ ವಾರಕ್ಕೊಮ್ಮೆ ಮಗುವನ್ನು ಬೆಳಕಿನಲ್ಲಿ ಕೂರಿಸಿಕೊಂಡು ತಲೆಯನ್ನು ಬಿಡಿಸಿ ನೋಡುವ ರೂಢಿ ತಪ್ಪಬಾರದು. ಬೈತಲೆ ಅಗಲವಾಗಿದೆಯೇ, ಕಿವಿಯ ಹಿಂದೆ ಸೀರಿದೆಯೇ, ಎಲ್ಲಾದರೂ ಚರ್ಮ ಕೆಂಪೇರಿದೆಯೇ ಎಂದು ಗಮನಿಸಲು ಹತ್ತು ನಿಮಿಷ ಸಾಕು. ಎಣ್ಣೆ ಹಚ್ಚುವ ನೆಪದಲ್ಲಿ ಹಿಂದಿನವರು ವಾರವಾರವೂ ಮಾಡುತ್ತಿದ್ದುದು ಈ ಪರೀಕ್ಷೆಯನ್ನೇ.